ಕಾಯಕ್ಲೇಶವೆಲ್ಲವೂ ತಪಸ್ಸೇ?

ಕಳೆದ ಭಾದ್ರಪದದ ದಶಲಕ್ಷಣ ಪರ್ವದ ಏಳನೆಯ ದಿನ ನಮ್ಮೂರ ಬಸದಿಯಲ್ಲಿ ಉತ್ತಮ ತಪಧರ್ಮವನ್ನು ಕುರಿತು ನಾಲ್ಕು ಮಾತು ಹೇಳುವ ಸಂದರ್ಭ ನನಗೆ ಒದಗಿತ್ತು. ಪ್ರವಚನ ಮುಗಿದು ಶ್ರಾವಕ-ಶ್ರಾವಿಕೆಯರು ಏಳುತ್ತಿರುವಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ತರುಣನೊಬ್ಬನು ಹತ್ತಿರ ಬಂದು ಕೈಮುಗಿದು ಹೀಗೆ ಕೇಳಿದನು: “ಗುರುಗಳೇ, ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಸಂಶೋಧನೆಯ ಕೆಲಸದಲ್ಲಿದ್ದೇನೆ. ದಿನವೂ ನಸುಕಿನಲ್ಲಿ ಎದ್ದು 15 ಕಿಲೋಮೀಟರು ಓಡುತ್ತೇನೆ. ಮಳೆ, ಚಳಿ, ಹಸಿವು, ಕಾಲುನೋವು ಯಾವುದನ್ನೂ ಲೆಕ್ಕಿಸುವುದಿಲ್ಲ. ಆದರೂ ಪರ್ವಕ್ಕೆ ಊರಿಗೆ ಬಂದಾಗ, ಒಂದು ಉಪವಾಸವನ್ನೂ ಮಾಡಲಾರದವನೆಂದು ಮನೆಯವರೆಲ್ಲ ನನ್ನನ್ನು ಹೀಗಳೆಯುತ್ತಾರೆ. ನನ್ನ ಕಾಯಕ್ಲೇಶವು ಧರ್ಮದ ಲೆಕ್ಕಕ್ಕೆ ಬರುವುದೇ ಇಲ್ಲವೇ?”

ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ, ನೋವಿತ್ತು. ತನ್ನ ವಿದ್ಯೆಗೆ ತಳಹದಿ ಹಾಕಿದ ಅಲನ್ ಟ್ಯೂರಿಂಗ್ ಎಂಬ ಇಂಗ್ಲೆಂಡಿನ ಗಣಿತಜ್ಞರೂ ತನ್ನಂತೆಯೇ ದೂರದ ಓಟಗಾರರಾಗಿದ್ದರೆಂದು ಅವನು ಹೇಳಿದನು. ಅವಸರದಲ್ಲಿ ಉತ್ತರ ಕೊಡುವುದು ಉಚಿತವಲ್ಲವೆಂದು ನಾನು ಅವಕಾಶ ಬೇಡಿದೆ. ಆ ಮಹಾಶಯರ ಜೀವನವನ್ನು ಓದಿ, ನಮ್ಮ ಆಚಾರ್ಯರ ಮಾತುಗಳೊಡನೆ ಇಟ್ಟು ವಿಚಾರಿಸಿದ ಮೇಲೆ ಹೊಳೆದುದನ್ನು ಈಗ ವಾಚಕರ ಮುಂದಿಡುತ್ತಿದ್ದೇನೆ.

ಟ್ಯೂರಿಂಗರು ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ನಮ್ಮ ನೆರೆಯ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದರು, ಮಗನು ಇಂಗ್ಲೆಂಡಿನಲ್ಲಿಯೇ ಹೆಚ್ಚಾಗಿ ಪರರ ಆಶ್ರಯದಲ್ಲಿ ಬೆಳೆದನು. 1926ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಹೊಸ ಶಾಲೆಗೆ ಸೇರಲು ಹೊರಟ ದಿನ ದೇಶದಲ್ಲೆಲ್ಲ ಮುಷ್ಕರವಾಗಿ ರೈಲುಗಳು ನಿಂತುಹೋದವು. ಹುಡುಗನು ಹಿಂದಿರುಗಲಿಲ್ಲ. 60 ಮೈಲಿಗೂ ಮಿಕ್ಕ ದಾರಿಯನ್ನು ಒಬ್ಬನೇ ಸೈಕಲ್ಲಿನಲ್ಲಿ ತುಳಿದು, ನಡುವೆ ಒಂದು ರಾತ್ರಿ ತಂಗಿ, ಶಾಲೆಯನ್ನು ಮುಟ್ಟಿದನು. ಮುಂದೆ ಕೇಂಬ್ರಿಜ್‌ನಲ್ಲಿ ಅಧ್ಯಾಪಕ ವೃತ್ತಿ ದೊರೆತ ಕಾಲಕ್ಕೆ ಮಧ್ಯಾಹ್ನದ ಹೊತ್ತು ನದೀತೀರದಲ್ಲಿ ಬಹುದೂರ ಓಡುವುದು ಅವರಿಗೆ ರೂಢಿಯಾಗಿತ್ತು. ಗ್ರಾಂಚೆಸ್ಟರ್ ಎಂಬಲ್ಲಿಯ ಹುಲ್ಲುಗಾವಲಿನಲ್ಲಿ ಮಲಗಿದ್ದಾಗ ತಮ್ಮ ಮುಖ್ಯ ವಿಚಾರವು ಹೊಳೆಯಿತೆಂದು ಅವರೇ ಮುಂದೆ ಹೇಳಿದ್ದುಂಟು.

ಆ ವಿಚಾರವು 1936ರಲ್ಲಿ ಪ್ರಬಂಧರೂಪದಲ್ಲಿ ಹೊರಬಂದಿತು. ಚೌಕಗಳಾಗಿ ವಿಭಾಗಿಸಿದ ಒಂದು ಉದ್ದನೆಯ ಪಟ್ಟಿ; ಒಂದು ವೇಳೆಗೆ ಒಂದೇ ಚೌಕವನ್ನು ನೋಡುವ ಒಂದು ಯಂತ್ರ. ಅದು ಅಲ್ಲಿರುವ ಚಿಹ್ನೆಯನ್ನು ಓದುತ್ತದೆ, ಬೇಕಾದರೆ ಅಳಿಸಿ ಬರೆಯುತ್ತದೆ, ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಸರಿಯುತ್ತದೆ. ನಿಯಮವನ್ನನುಸರಿಸಿ ಎಣಿಸಬಹುದಾದುದೆಲ್ಲವನ್ನೂ ಇಷ್ಟರಿಂದಲೇ ಎಣಿಸಬಹುದೆಂದೂ, ಇಂಥ ಯಾವ ಯಂತ್ರದಿಂದಲೂ ನಿರ್ಣಯವಾಗದ ಪ್ರಶ್ನೆಗಳು ಉಂಟೆಂದೂ ಅವರು ತೋರಿಸಿದರು. ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಗಣಕಗಳ ಹಿಂದೆ ಇರುವುದು ಈ ಒಂದೊಂದೇ ಹೆಜ್ಜೆಯ ತತ್ತ್ವ. ಯುಗಪ್ರಮಾಣ, ಎಂದರೆ ನಾಲ್ಕು ಹಸ್ತದಷ್ಟು, ನೆಲವನ್ನು ಮಾತ್ರ ದೃಷ್ಟಿಸಿ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿಯು ಇದನ್ನು ಓದುವಾಗ ನನಗೆ ನೆನಪಾಯಿತು. ಆದರೆ ಯಂತ್ರಕ್ಕೆ ಕರುಣೆಯಿಲ್ಲ. ಮುನಿಗಳ ಹೆಜ್ಜೆಗೆ ಕರುಣೆಯೇ ಕಾರಣ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವೆ.

ಮಹಾಯುದ್ಧದ ವರ್ಷಗಳಲ್ಲಿ ಟ್ಯೂರಿಂಗರು ಬ್ಲೆಚ್ಲಿ ಪಾರ್ಕ್ ಎಂಬ ಗುಪ್ತಸ್ಥಾನದಲ್ಲಿ ಶತ್ರುಗಳ ಸಂಕೇತಲಿಪಿಯನ್ನು ಭೇದಿಸುವ ಕಾರ್ಯದಲ್ಲಿ ತೊಡಗಿದ್ದರು. ಯುದ್ಧ ಮುಗಿದ 1945ರಲ್ಲಿ ಲಂಡನ್ ಬಳಿಯ ಟೆಡಿಂಗ್ಟನ್ನಿನಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಶಾಲೆಯನ್ನು ಸೇರಿ, ವಿದ್ಯುತ್ತಿನಿಂದ ಎಣಿಸುವ ಒಂದು ಮಹಾಯಂತ್ರದ ಯೋಜನೆಯನ್ನು ರಚಿಸಿದರು. ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದತರಂಗಗಳ ರೂಪದಲ್ಲಿ ಸಂಖ್ಯೆಗಳನ್ನು ಸುತ್ತಿಸುತ್ತ ನೆನಪಿನಲ್ಲಿಡುವ ಉಪಾಯ ಅದರಲ್ಲಿತ್ತು. ಯೋಜನೆ 1946ರ ಆರಂಭದಲ್ಲಿಯೇ ಸಿದ್ಧವಾದರೂ ಯಂತ್ರವು ಮೇಲಕ್ಕೇಳಲಿಲ್ಲ. ದಿನವೆಲ್ಲ ಕಾಗದದ ಮೇಲೆ ಆದೇಶಗಳನ್ನು ಬರೆಯುವುದು, ತಿದ್ದುವುದು, ಕಛೇರಿಯ ನಿಧಾನವನ್ನು ಸಹಿಸುವುದು: ಇದು ಅವರ ದಿನಚರಿಯ ಒಂದು ಭಾಗ. ಹಳೆಯ ಉಡುಪಿನಲ್ಲಿ ಮೈಲಿಗಟ್ಟಲೆ ಓಡುವುದು ಇನ್ನೊಂದು ಭಾಗ. ನಗರದ ಬೇರೊಂದು ಅಂಚಿನಲ್ಲಿದ್ದ ಸಂಶೋಧನಾಲಯಕ್ಕೆ ಕೆಲಸದ ಮೇಲೆ ಹೋಗಬೇಕಾದಾಗಲೂ ಅವರು ಓಡಿಯೇ ಹೋಗುತ್ತಿದ್ದರೆಂದು ಬರೆದಿದ್ದಾರೆ. ವಾಲ್ಟನ್ ಎಂಬ ಊರಿನ ಓಟಗಾರರ ಸಂಘಕ್ಕೆ ಅವರು ಸೇರಿದ್ದರು. ಇಷ್ಟು ಕಠಿನವಾಗಿ ದೇಹವನ್ನು ದಂಡಿಸುವುದೇಕೆಂದು ಅಲ್ಲಿಯವರು ಕೇಳಿದಾಗ, ತಮ್ಮ ಉದ್ಯೋಗವು ಮನಸ್ಸನ್ನು ಅಷ್ಟು ಬಿಗಿಯಾಗಿ ಹಿಡಿಯುವುದರಿಂದ ಬಲವಾಗಿ ಓಡದೆ ಅದರಿಂದ ಬಿಡುಗಡೆಯಿಲ್ಲವೆಂಬ ಅರ್ಥದ ಉತ್ತರ ಕೊಟ್ಟರಂತೆ.

1947ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾರಥಾನ್ ಸ್ಪರ್ಧೆಯಲ್ಲಿ ಅವರು ಐದನೆಯವರಾಗಿ ಗುರಿಮುಟ್ಟಿದರು. 42 ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ಆ ದೂರಕ್ಕೆ ಹಿಡಿದ ಕಾಲ 2 ಗಂಟೆ 46 ನಿಮಿಷ 3 ಸೆಕೆಂಡು. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಮೂರೂವರೆ ಮುಹೂರ್ತಕ್ಕೆ ಕೊಂಚ ಕಡಿಮೆ. ಮರುವರ್ಷ ಲಂಡನ್ನಿನಲ್ಲಿ ನಡೆದ ಒಲಿಂಪಿಕ್ ಪಂದ್ಯದಲ್ಲಿ ಗೆದ್ದ ಅರ್ಜೆಂಟೀನಾದ ಕಾಬ್ರೆರಾ ಎಂಬವನ ಕಾಲ 2 ಗಂಟೆ 34 ನಿಮಿಷ 51 ಸೆಕೆಂಡು. ಪ್ರಯೋಗಶಾಲೆಯ ಗಣಿತಜ್ಞನೊಬ್ಬನಿಗೂ ಜಗತ್ತಿನ ಅಗ್ರಗಣ್ಯ ಓಟಗಾರನಿಗೂ ಸುಮಾರು 11 ನಿಮಿಷಗಳ ಅಂತರ! ಆಮೇಲೆ ಕಾಲಿಗೆ ಆದ ತೊಂದರೆಯಿಂದ ದೊಡ್ಡ ಸ್ಪರ್ಧೆಗಳು ನಿಂತವು. ಯಂತ್ರದ ಮೊದಲ ರೂಪವು 1950ರ ಮೇ 10ರಂದು ನಡೆಯತೊಡಗಿದಾಗ ಟ್ಯೂರಿಂಗರು ಆ ಸಂಸ್ಥೆಯನ್ನು ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಎರಡು ವರ್ಷಗಳಾಗಿದ್ದವು.

ಈಗ ತರುಣನ ಪ್ರಶ್ನೆಗೆ ಬರೋಣ. ಹೊರಗಿನಿಂದ ನೋಡಿದರೆ ಓಟಗಾರನಿಗೂ ಉಪವಾಸಿಗೂ ಭೇದವಿಲ್ಲ. ಇಬ್ಬರೂ ನಸುಕಿನಲ್ಲೇಳುವರು, ಇಬ್ಬರೂ ನಾಲಿಗೆಯನ್ನು ಬಿಗಿಹಿಡಿಯುವರು, ಇಬ್ಬರೂ ದೇಹದ ಮೊರೆಗೆ ಕಿವಿಗೊಡರು. ಶರೀರಶಾಸ್ತ್ರವೂ ಇದನ್ನೇ ಹೇಳುತ್ತದೆ. ಉಂಡ ಅನ್ನದ ಸಾರವು ಗ್ಲೈಕೋಜೆನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿರುತ್ತದೆ. ಉಪವಾಸಿಯ ಯಕೃತ್ತಿನ ಕೂಡಿಕೆ ಸುಮಾರು ಒಂದು ದಿನದಲ್ಲಿ ಬರಿದಾಗುತ್ತದೆ. ಮ್ಯಾರಥಾನ್ ಓಟಗಾರನ ಕೂಡಿಕೆಯು 30 ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯತೊಡಗುತ್ತದೆ. ಆಮೇಲೆ ದೇಹವು ಕೊಬ್ಬನ್ನು ಕರಗಿಸಿ ಬದುಕಬೇಕು. ಕಾಲು ಭಾರವಾಗುತ್ತದೆ, ತಲೆ ಸುತ್ತುತ್ತದೆ, ನಿಲ್ಲೆಂದು ಮನಸ್ಸು ಹೇಳುತ್ತದೆ. ದೇಹದ ಮಟ್ಟಿಗೆ ಇಬ್ಬರೂ ಒಂದೇ ದಾರಿಯ ಪಥಿಕರು.

ಹಾಗಾದರೆ ಭೇದವೆಲ್ಲಿ? ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಆರು ಬಾಹ್ಯತಪಗಳಲ್ಲಿ ಕಾಯಕ್ಲೇಶಕ್ಕೂ ಸ್ಥಾನವಿದೆ. ಆದರೆ ಪೂಜ್ಯಪಾದರು ಅದರ ಪ್ರಯೋಜನವನ್ನು ಹೇಳುವಾಗ ದೇಹದುಃಖವನ್ನು ಸಹಿಸುವ ಅಭ್ಯಾಸ, ಸುಖದಲ್ಲಿ ಅಂಟಿಕೊಳ್ಳದಿರುವುದು, ಪ್ರವಚನದ ಪ್ರಭಾವನೆ ಇವನ್ನು ಎಣಿಸುತ್ತಾರೆಯೇ ಹೊರತು, ದುಃಖಕ್ಕಾಗಿ ದುಃಖವನ್ನು ಎಲ್ಲಿಯೂ ಹೊಗಳುವುದಿಲ್ಲ. ಇಚ್ಛೆಯ ನಿರೋಧವೇ ತಪಸ್ಸಿನ ಜೀವಾಳ. ಓಟಗಾರನು ಒಂದು ಇಚ್ಛೆಯನ್ನು ತಡೆದು ಇನ್ನೊಂದನ್ನು ಸಾಕುತ್ತಾನೆ. ನಿದ್ರೆಯ ಇಚ್ಛೆಯನ್ನು ಗೆದ್ದು ಗಡಿಯಾರದ ಇಚ್ಛೆಗೆ ಸೋಲುತ್ತಾನೆ. ಆದ್ದರಿಂದ ಅವನ ಶ್ರಮವು ಮೋಕ್ಷಮಾರ್ಗದ ನಿರ್ಜರೆಗೆ ಕಾರಣವಾದ ತಪವೆನಿಸದು. ಹಾಗೆಂದು ಜಿನಾಗಮವು ಅಂಥ ಕಷ್ಟಸಹನೆಯನ್ನು ಕಸವೆಂದು ಎಸೆಯುವುದೂ ಇಲ್ಲ. ಸಮ್ಯಗ್ದರ್ಶನವಿಲ್ಲದವರ ಬಾಲತಪವನ್ನೂ, ತಾನಾಗಿ ಬಯಸದೆ ಬಂದ ಕಷ್ಟವನ್ನು ಶಾಂತವಾಗಿ ಸಹಿಸುವುದರಿಂದಾಗುವ ಅಕಾಮನಿರ್ಜರೆಯನ್ನೂ ತತ್ತ್ವಾರ್ಥಸೂತ್ರವು ದೇವಾಯುವಿನ ಆಸ್ರವಕ್ಕೆ ಕಾರಣಗಳಲ್ಲಿ ಎಣಿಸಿದೆ. ಮುಕ್ತಿಗೆ ಸಾಲದಿದ್ದರೂ ಸಹನೆಯು ವ್ಯರ್ಥವಲ್ಲವೆಂಬುದು ಆಚಾರ್ಯರ ಔದಾರ್ಯ.

ಇಷ್ಟು ಹೇಳಿ ಮುಗಿಸಿದ್ದರೆ ನಮಗೆಲ್ಲ ಸುಖವಾಗುತ್ತಿತ್ತು. ಆದರೆ ಗಡಿಯಾರವನ್ನು ನೋಡುವವನು ಓಟಗಾರನೊಬ್ಬನೇ ಏನು? ಪರ್ವದ ಕೊನೆಯಲ್ಲಿ ಯಾರು ಮೂರು ಮಾಡಿದರು, ಯಾರು ಐದು, ಯಾರು ಹತ್ತು ಎಂದು ಬಸದಿಯ ಅಂಗಳದಲ್ಲಿ ಎಣಿಸುವವರು ಯಾರು? ಮೆರವಣಿಗೆಯಲ್ಲಿ ಹಾರದ ಗಾತ್ರವನ್ನು ಕಣ್ಣಿನಲ್ಲೇ ಅಳೆಯುವವರು ಯಾರು? ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳು ಕಿತ್ತವನೇ ವ್ರತಿಯೆಂದು ಸೂತ್ರಕಾರರು ಹೇಳಿದ್ದಾರೆ. ಸಮಂತಭದ್ರಸ್ವಾಮಿಗಳು ಎಣಿಸಿದ ಎಂಟು ಮದಗಳಲ್ಲಿ ಬಲಮದವಿರುವಂತೆಯೇ ತಪೋಮದವೂ ಇದೆ. ಓಟಗಾರನಿಗೆ ಮೊದಲನೆಯದರ ಭಯ, ಉಪವಾಸಿಗೆ ಎರಡನೆಯದರ ಭಯ. ಒಂದೇ ಪಟ್ಟಿಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ಹೀಗಳೆಯುವುದು ತರವಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಸುಮಾರು 35 ವರ್ಷಗಳ ಹಿಂದೆ, ಹೊಸದಾಗಿ ಉಪಾಧ್ಯಾಯನಾಗಿದ್ದಾಗ, ದಶಲಕ್ಷಣದ ಹತ್ತು ದಿನವೂ ದಿನಕ್ಕೊಮ್ಮೆ ಪ್ರಾಸುಕ ಜಲವನ್ನು ಮಾತ್ರ ಸ್ವೀಕರಿಸಿ ಉಪವಾಸ ಮಾಡುವ ಸಂಕಲ್ಪ ತೊಟ್ಟೆ. ಒಂದು ದಿನವೂ ರಜೆ ಹಾಕದೆ ಪಾಠ ಹೇಳುತ್ತೇನೆಂಬುದು ಅದರ ಮೇಲಿನ ಹೆಮ್ಮೆ. ಏಳನೆಯ ದಿನ ಮಧ್ಯಾಹ್ನ, ಗಣಿತದ ತರಗತಿಯಲ್ಲಿ, ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯಿತು. ಕೊನೆಯ ಸಾಲಿನಲ್ಲಿ ಹುಡುಗನೊಬ್ಬನು ಮೇಜಿನ ಕೆಳಗೆ ಕೈಯಿಟ್ಟುಕೊಂಡು ಒಂದೊಂದೇ ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದನು. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತು. ಅವನ ಕೈಯ ಪೊಟ್ಟಣವನ್ನು ಕಸಿದು ಕಿಟಕಿಯಿಂದ ಹೊರಗೆಸೆದು, ಎರಡೇಟು ಹೊಡೆದು, ಬಾಗಿಲ ಹೊರಗೆ ನಿಲ್ಲಿಸಿದೆ. ಸಂಜೆ ತಿಳಿಯಿತು: ಅವನ ತಾಯಿಗೆ ಕಾಯಿಲೆಯಾಗಿ ಆ ಮನೆಯಲ್ಲಿ ಹಿಂದಿನ ರಾತ್ರಿಯಿಂದ ಒಲೆ ಹೊತ್ತಿರಲಿಲ್ಲ. ಆಗಿನ್ನೂ ನಮ್ಮ ಶಾಲೆಗಳಲ್ಲಿ ಬಿಸಿಯೂಟವಿರಲಿಲ್ಲ. ನೆರೆಯವರು ಕೊಟ್ಟ ಆ ಹಿಡಿ ಶೇಂಗಾ ಅವನ ಆ ದಿನದ ಮೊದಲ ಆಹಾರವಾಗಿತ್ತು.

ನಡೆದುದನ್ನು ತಂದೆಯವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹೊಟ್ಟೆ ಉಪವಾಸ ಮಾಡಿತಪ್ಪಾ, ಸಿಟ್ಟು ಪಾರಣೆ ಮಾಡಿತು” ಎಂದರು. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ನನಗೆ ಬಾಲ್ಯದಿಂದಲೂ ಬಾಯಿಪಾಠವಾಗಿದ್ದವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬೇರೊಂದು ಜೀವಕ್ಕೆ ಅನ್ನಪಾನಗಳನ್ನು ತಡೆಯುವುದು ಕೊನೆಯದು. ಅದು ದನಕರುಗಳನ್ನು ಕಟ್ಟಿಹಾಕಿ ಮೇವು ಕೊಡದವರ ಮಾತೆಂದು ನಾನು ತಿಳಿದಿದ್ದೆ. ಸ್ವತಃ ಅನ್ನವನ್ನು ಬಿಟ್ಟು ತಪಸ್ವಿಯೆನಿಸಿಕೊಂಡ ನಾನು, ಹಸಿದ ಮಗುವಿನ ಅನ್ನವನ್ನು ಕಿತ್ತು ಹಿಂಸಕನಾದೆ. ಎರಡು ಹಸಿವೆಗಳೂ ಹೊಟ್ಟೆಗೆ ಸಮನಾದವೇ. ಒಂದನ್ನು ನಾನು ಆರಿಸಿಕೊಂಡಿದ್ದೆ. ಇನ್ನೊಂದನ್ನು ಅವನ ಮೇಲೆ ಹೇರಿದ್ದೆ. ಮರುದಿನ ಆ ಹುಡುಗನ ಮುಂದೆ ಕ್ಷಮೆ ಬೇಡಿದೆ. ಅವನು ಕ್ಷಮಿಸಿದನು. ನನ್ನ ಹತ್ತು ದಿನಗಳ ಫಲವೆಂದರೆ ಅವನ ಆ ಕ್ಷಮೆಯೊಂದೇ ಎಂದು ಇಂದಿಗೂ ನಂಬಿದ್ದೇನೆ.

ತಾನೇ ಆರಿಸಿಕೊಂಡ ಕಷ್ಟಕ್ಕೂ ಮೇಲೆ ಬಂದೆರಗುವ ಕಷ್ಟಕ್ಕೂ ಇರುವ ಭೇದವನ್ನು ಪೂಜ್ಯಪಾದರು ಒಂದೇ ಮಾತಿನಲ್ಲಿ ತಿಳಿಸಿದ್ದಾರೆ. ತಾನಾಗಿ ಬಂದೊದಗುವುದು ಪರೀಷಹ. ಸ್ವತಃ ಮಾಡಿಕೊಳ್ಳುವುದು ಕಾಯಕ್ಲೇಶ. ಪರೀಷಹವನ್ನು ಸಹಿಸುವವನಿಗೆ ಗೌರವವುಂಟು. ಆದರೆ ಅದನ್ನು ಬೇರೆಯವರ ಮೇಲೆ ತಂದಿಡುವವನಿಗೆ ಯಾವ ಶಾಸ್ತ್ರದಲ್ಲಿಯೂ ಸ್ಥಾನವಿಲ್ಲ. ಟ್ಯೂರಿಂಗರ ಜೀವನದ ಕೊನೆಯ ಭಾಗವನ್ನು ಓದಿದಾಗ ಈ ಮಾತು ನನ್ನ ಎದೆಗೆ ನಾಟಿತು.

ಅವರು ಪುರುಷರನ್ನೇ ಪ್ರೀತಿಸುವ ಸ್ವಭಾವದವರಾಗಿದ್ದರು. ಅಂದಿನ ಇಂಗ್ಲೆಂಡಿನ ಕಾನೂನಿಗೆ ಅದು ಅಪರಾಧ. 1952ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು. ಸೆರೆಮನೆಯನ್ನು ತಪ್ಪಿಸಿಕೊಳ್ಳಬೇಕಾದರೆ, ಸ್ತ್ರೀಶರೀರದ ರಸಧಾತುವನ್ನು ಒಂದು ವರ್ಷ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ ಒಪ್ಪಬೇಕಾಯಿತು. ವರ್ಷಗಟ್ಟಲೆ ತಾವೇ ಶ್ರಮಿಸಿ, ತಾವೇ ಮಿತಿಯರಿತು, ಹದಗೊಳಿಸಿದ ಶರೀರ ಅದು. ಅದರ ಮೇಲೆ ಈಗ ಬೇರೆಯವರ ಇಚ್ಛೆ ನಡೆಯಿತು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಅವರ ಮರಣವಾಯಿತು. ಆತ್ಮಹತ್ಯೆಯೆಂದು ವಿಚಾರಣೆಯಲ್ಲಿ ನಿರ್ಣಯವಾಯಿತು. ಆ ದೇಶದ ಪ್ರಧಾನಿ 2009ರಲ್ಲಿ ಕ್ಷಮೆ ಕೇಳಿದರು; 2013ರಲ್ಲಿ ರಾಣಿಯ ಕ್ಷಮಾದಾನವಾಯಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ 2018ರಲ್ಲಿ ಇಂಥ ಸಂಬಂಧವು ವಯಸ್ಕರ ನಡುವೆ ಅಪರಾಧವಲ್ಲವೆಂದು ತೀರ್ಪಿತ್ತಿದೆ.

ಬ್ರಹ್ಮಚರ್ಯಾಣುವ್ರತವನ್ನು ಹೊತ್ತ ಮನೆಗಳಲ್ಲಿ ಈ ವಿಷಯವಾಗಿ ಬೇರೆಬೇರೆ ಅಭಿಪ್ರಾಯಗಳಿರಬಹುದು. ಆದರೆ ಆ ಶಿಕ್ಷೆಯ ವಿಷಯದಲ್ಲಿ ಜೈನನಿಗೆ ಎರಡನೆಯ ಅಭಿಪ್ರಾಯವಿರಲಾರದು. ದಶಪ್ರಾಣಗಳಲ್ಲಿ ಕಾಯಬಲವೂ ಒಂದು, ಮನೋಬಲವೂ ಒಂದು. ಕಷಾಯವಶದಿಂದ ಪ್ರಾಣಗಳಿಗೆ ಘಾತಮಾಡುವುದೇ ಹಿಂಸೆ. ಕೊಲ್ಲದೆಯೂ ಪ್ರಾಣಘಾತವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಅದು ಶುದ್ಧೀಕರಣವೆಂಬ ಹೆಸರಿನಲ್ಲಿ, ಒಳ್ಳೆಯದಕ್ಕೆಂದೇ ನಡೆಯಿತೆಂಬುದು ಇನ್ನೂ ಭಯಂಕರ. ನಾನೂ ಆ ಹುಡುಗನಿಗೆ ಹೊಡೆದದ್ದು ಶಿಸ್ತಿನ ಹೆಸರಿನಲ್ಲಿಯೇ.

ಆದ್ದರಿಂದ ನಮ್ಮ ಮನೆಗಳನ್ನು ಒಮ್ಮೆ ನೋಡಿಕೊಳ್ಳೋಣ. ಹೊಸದಾಗಿ ಬಂದ ಸೊಸೆಯು ಅಷ್ಟಮಿ-ಚತುರ್ದಶಿಗಳ ಉಪವಾಸವನ್ನು ಭಕ್ತಿಯಿಂದ ಮಾಡುತ್ತಾಳೋ, ಅತ್ತೆಯ ಕಣ್ಣಿಗೆ ಅಂಜಿ ಮಾಡುತ್ತಾಳೋ? ಎಂಟು ವರ್ಷದ ಮಗುವು ಸಂಜೆ ನೀರು ಬೇಡಿದಾಗ, ಇಷ್ಟಕ್ಕೇ ಸೋತೆಯಾ ಎಂದು ನಗುವುದುಂಟೋ? ಮಧುಮೇಹವಿರುವ ಅಜ್ಜನಿಗೆ, ಗರ್ಭಿಣಿಗೆ, ವೈದ್ಯರು ಬೇಡವೆಂದರೂ ಮನೆತನದ ಮರ್ಯಾದೆಯ ಮಾತಾಡುವುದುಂಟೋ? ಅಂಥಲ್ಲಿ ನಡೆಯುವುದು ಪ್ರೋಷಧೋಪವಾಸವಲ್ಲ, ಅನ್ನಪಾನನಿರೋಧ. ಉಪವಾಸಿಯ ಹೆಸರಿನಲ್ಲಿ ಪುಣ್ಯವು ಬರೆಯಲ್ಪಡುವುದೆಂದು ನಾವು ಎಣಿಸುತ್ತಿರುವಾಗಲೇ, ನಮ್ಮ ಹೆಸರಿನಲ್ಲಿ ಅತಿಚಾರವು ಬರೆಯಲ್ಪಡುತ್ತಿರುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿತಃ, ಎಂದರೆ ಶಕ್ತಿಗೆ ತಕ್ಕಂತೆ, ಎಂಬ ಮಾತನ್ನು ಮೊದಲಿಗೇ ಸೇರಿಸಿದ ಆಚಾರ್ಯರು ಎಷ್ಟು ದೂರದರ್ಶಿಗಳು! ಯಾರ ಶಕ್ತಿ? ಮಾಡುವವನ ಶಕ್ತಿಯೇ ಹೊರತು, ಮಾಡಿಸುವವನ ಆಸೆಯಲ್ಲ. ಅದನ್ನು ಅಳೆಯಬಲ್ಲವನು ಅದನ್ನು ಹೊತ್ತವನೊಬ್ಬನೇ.

ಈ ಒಂದು ವಿಷಯದಲ್ಲಿ ಓಟಗಾರನು ನಮಗೆ ಗುರುವಾಗಬಲ್ಲನು. ಅವನು ಮೊದಲ ದಿನವೇ 42 ಕಿಲೋಮೀಟರು ಓಡುವುದಿಲ್ಲ. ಸ್ವಲ್ಪಸ್ವಲ್ಪವಾಗಿ ದೂರವನ್ನು ಹೆಚ್ಚಿಸುತ್ತಾನೆ, ನಡುವೆ ವಿಶ್ರಾಂತಿ ಕೊಡುತ್ತಾನೆ, ನೋವು ಬಂದರೆ ನಿಲ್ಲುತ್ತಾನೆ. ವರ್ಷದಲ್ಲಿ ಒಂದು ದಿನದ ಸ್ಪರ್ಧೆಗಾಗಿ ಮುನ್ನೂರು ದಿನ ಯಾರೂ ನೋಡದೆ ಅಭ್ಯಾಸ ಮಾಡುತ್ತಾನೆ. ನಾವಾದರೋ ಮುನ್ನೂರೈವತ್ತು ದಿನ ನಾಲಿಗೆಗೆ ಹಗ್ಗ ಬಿಟ್ಟು, ಹತ್ತು ದಿನ ಮೆರವಣಿಗೆಯ ಓಟಕ್ಕೆ ನಿಲ್ಲುತ್ತೇವೆ. ದಿನವೂ ಒಂದು ತುತ್ತು ಕಡಿಮೆ ಉಣ್ಣುವ ಅವಮೌದರ್ಯ, ದಿನವೂ ಒಂದು ರಸವನ್ನು ಬಿಡುವ ನಿಯಮ, ದಿನವೂ ಅರ್ಧಗಂಟೆಯ ಸ್ವಾಧ್ಯಾಯ, ಇವಕ್ಕೆ ಹಾರವಿಲ್ಲ. ಆದರೆ ದೂರ ಮುಟ್ಟಿಸುವವು ಇವೇ.

ಆ ತರುಣನಿಗೆ ದೀಪಾವಳಿಯ ವೇಳೆಗೆ ಉತ್ತರ ಬರೆದೆ. ಅದರ ಸಾರ ಇಷ್ಟು: “ಮಗು, ನಿನ್ನ ಓಟವು ತಪಸ್ಸಲ್ಲ. ಆದರೆ ತಪಸ್ಸಿಗೆ ಬೇಕಾದ ಧೃತಿಯನ್ನು ಅದು ನಿನಗೆ ಕೊಟ್ಟಿದೆ. ಬೆಳಕು ಹರಿದ ಮೇಲೆ ಓಡು; ಕಾಲಕೆಳಗಿನ ಜೀವಗಳು ಕಣ್ಣಿಗೆ ಕಾಣಲಿ. ವಾರಕ್ಕೊಂದು ದಿನ ಗಡಿಯಾರವನ್ನು ಮನೆಯಲ್ಲಿಟ್ಟು ಓಡು. ಎಣಿಕೆಯ ಇಚ್ಛೆಯನ್ನು ಬಿಟ್ಟು ಓಡಲು ಸಾಧ್ಯವೋ ನೋಡು. ಉಪವಾಸವನ್ನು ನಿನ್ನ ಮನಸ್ಸು ಬೇಡಿದ ದಿನ ಮಾಡು, ಮನೆಯವರು ನೋಡಲೆಂದು ಮಾಡಬೇಡ. ನಿನ್ನನ್ನು ಹೀಗಳೆದವರನ್ನು ಕ್ಷಮಿಸು. ಅದು ಇವೆರಡಕ್ಕಿಂತಲೂ ದೊಡ್ಡ ದೂರ.”

ಹದಿನೈದು ದಿನಗಳ ಮೇಲೆ ಅವನ ಪತ್ರ ಬಂದಿತು. ಚತುರ್ದಶಿಯಂದು ಏಕಾಶನ ಮಾಡಿದ್ದಾಗಿಯೂ, ಆ ದಿನ ಓಡಲಿಲ್ಲವೆಂದೂ, ಓಡದಿರುವುದೇ ಉಣ್ಣದಿರುವುದಕ್ಕಿಂತ ಕಠಿನವಾಯಿತೆಂದೂ ಬರೆದಿದ್ದನು. ತನ್ನ ಇಚ್ಛೆ ಯಾವುದೆಂದು ಅವನಿಗೆ ಗೊತ್ತಾಗಿದೆ. ನಮ್ಮ ನಮ್ಮ ಇಚ್ಛೆ ಯಾವುದೆಂದು ನಾವೂ ತಿಳಿದುಕೊಂಡು, ಅದನ್ನು ನಮ್ಮಲ್ಲಿಯೇ ನಿರೋಧಿಸಿ, ಪರರ ತಟ್ಟೆಯಿಂದ ಕೈಯನ್ನು ದೂರವಿಡುವಂಥ ಸದ್ಬುದ್ಧಿಯು ನಮಗೆಲ್ಲ ಉಂಟಾಗಲೆಂದು ಭಾವಿಸುತ್ತೇನೆ.